ಅಮ್ಮನ ಎದೆ ಯಾಕೆ ಓಡುತ್ತಿತ್ತು

"ಎದೆ ಒಳ್ಗೆ ಏನೋ ಓಡ್ದಂಗೆ ಆಯ್ತದೆ ಕಣವ್ವ" ಅಂತ ಅಮ್ಮ ಮೊದಲ ಸಲ ಹೇಳಿದ್ದು ಫೋನಿನಲ್ಲಿ. ಹೇಳಿದವಳೇ "ಏನಿಲ್ಲ ಬಿಡು, ಗ್ಯಾಸ್ಟ್ರಿಕ್ಕು" ಅಂತ ತಾನೇ ತೀರ್ಮಾನ ಮಾಡಿ ತೆಂಗಿನಕಾಯಿ ರೇಟಿನ ಕಡೆ ಮಾತು ತಿರುಗಿಸಿದಳು. ನಮ್ಮ ಊರಲ್ಲಿ ಹೊಕ್ಕುಳಿನಿಂದ ಗಂಟಲವರೆಗೆ ಏನಾದರೂ ಅದು ಗ್ಯಾಸ್ಟ್ರಿಕ್ಕೇ. ಜೀರಿಗೆ ಕಷಾಯ ಕುಡಿ, ಮೆಡಿಕಲ್‌ನಿಂದ ಒಂದು ಪ್ಯಾಂಟಾಪ್ರಜೋಲ್ ತಂದು ನುಂಗು, ಅಲ್ಲಿಗೆ ಮುಗಿಯಿತು.

ಅಮ್ಮನಿಗೆ 68. ಹಾಸನ ಜಿಲ್ಲೆ ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ನಾನಿರುವುದು ಬೆಂಗಳೂರಲ್ಲಿ. ಬಿಪಿ ಇದೆ, ಥೈರಾಯ್ಡ್ ಇದೆ, ಎರಡಕ್ಕೂ ವರ್ಷಗಳಿಂದ ಮಾತ್ರೆ ನುಂಗುತ್ತಾಳೆ. ಮಂಡಿ ನೋವು ಬೇರೆ. ಇದು ಬಿಟ್ಟರೆ ಕೊಟ್ಟಿಗೆ, ಹಿತ್ತಲು, ಮೊಮ್ಮಗಳು ಅಂತ ಓಡಾಡಿಕೊಂಡೇ ಇದ್ದವಳು.

ಇದೆಲ್ಲ ಆಗಿದ್ದು 2025ರ ಮಳೆಗಾಲದಲ್ಲಿ. ಹಾಸನದವರಿಗೆ ಆ ಜೂನ್ ನೆನಪಿರುತ್ತದೆ. ಟಿವಿ ಹಾಕಿದರೆ ಸಾಕು, ಜಿಲ್ಲೆಯಲ್ಲಿ ಇವತ್ತು ಇನ್ನೊಬ್ಬರು ಹೃದಯಾಘಾತಕ್ಕೆ ಬಲಿ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಾವು ಅಂತ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಸಾವು ಅಸಹಜವಾಗಿ ಏರಿಲ್ಲ ಅಂತ ಆಮೇಲೆ ವರದಿಯೂ ಬಂತು. ಆದರೆ ವರದಿ ಬರುವಷ್ಟರಲ್ಲಿ ಹೆದರಿಕೆ ಪ್ರತಿ ಮನೆ ಹೊಕ್ಕಿತ್ತು. ಹಾಗಾಗಿ ಅಮ್ಮನ ವಿಷಯದಲ್ಲಿ ಊರವರು ಎರಡು ಪಂಗಡ ಆದರು. ಒಂದು ಕಡೆಯವರಿಗೆ ಇದು ಗ್ಯಾಸ್ಟ್ರಿಕ್. ಇನ್ನೊಂದು ಕಡೆಯವರಿಗೆ ಟಿವಿ ನೋಡಿ ಹಿಡಿದ ಭಯ. ಎರಡೂ ಪಂಗಡದವರು ಪಕ್ಕಾ ಡಾಕ್ಟರ್ ಥರವೇ ಮಾತಾಡುತ್ತಿದ್ದರು.

ಒಂದು ಬೆಳಿಗ್ಗೆ ಕೊಟ್ಟಿಗೆ ಗುಡಿಸಿ ಬಂದ ಅಮ್ಮ ಜಗಲಿ ಮೇಲೆ ಕೂತವಳು ಏಳಲೇ ಇಲ್ಲ. ಎದೆ ಬಿಗಿ ಹಿಡ್ಕಂಡೈತೆ ಅಂದಳು. ಮೈಯೆಲ್ಲ ಬೆವರು. ತಮ್ಮ ಕಷಾಯ ಗಿಷಾಯ ಅನ್ನದೆ ಸೀದಾ ಕಾರಿಗೆ ಹತ್ತಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದ. ಅವನು ಮಾಡಿದ್ದೇ ಸರಿ. ವಯಸ್ಸಾದವರಿಗೆ, ಅದರಲ್ಲೂ ಬಿಪಿ ಶುಗರ್ ಇದ್ದವರಿಗೆ, ಎದೆ ಬಿಗಿದು ಬೆವರಿದರೆ ಮನೆಯಲ್ಲಿ ಕೂತು ಕಾರಣ ಹುಡುಕುವುದಲ್ಲ. ಮೊದಲು ಇಸಿಜಿ. ಹೆಂಗಸರಲ್ಲಿ ಹೃದಯಾಘಾತ ಬರೀ ಸುಸ್ತು, ವಾಕರಿಕೆ, ಬೆನ್ನು ನೋವು ಅಂತಲೂ ಬರುತ್ತದಂತೆ. ಹಾಗಾಗಿ ಗ್ಯಾಸ್ಟ್ರಿಕ್ ಅನ್ನುವ ತೀರ್ಮಾನವನ್ನು ಇಸಿಜಿ ಆದಮೇಲೆ ಮಾಡಿಕೊಂಡರೂ ನಷ್ಟ ಇಲ್ಲ.

ಅಲ್ಲಿ ಬೇಗ ಬೇಗ ಕೆಲಸ ಆಯಿತು. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ಶುರು ಮಾಡಿರುವ ಹೃದಯ ಜ್ಯೋತಿ ಯೋಜನೆ ಇದೆಯಲ್ಲ, ಅದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಅಲ್ಲಿಂದಲೇ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಹಾಕುತ್ತಾರೆ. ಅಮ್ಮನಿಗೆ ಅದರ ಅಗತ್ಯ ಬರಲಿಲ್ಲ. ಇಸಿಜಿಯಲ್ಲಿ ಹೃದಯಾಘಾತದ ಗುರುತಿಲ್ಲ. ಆದರೂ ಹಾಸನಕ್ಕೆ ಕಳಿಸಿ ಟ್ರೋಪೋನಿನ್ ಮಾಡಿಸಿದರು. ಹೃದಯದ ಮಾಂಸಖಂಡಕ್ಕೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಪ್ರೋಟೀನ್ ಅದು. ಏರೋಕೆ ಕೆಲವು ಗಂಟೆ ಹಿಡಿಯುತ್ತದೆ, ಹಾಗಾಗಿ ಒಂದು ಸಲ ನೆಗೆಟಿವ್ ಬಂದರೆ ಸಾಲದು, ಇನ್ನೊಂದು ಸಲ ನೋಡಬೇಕು ಅಂದರು. ಎರಡನೆಯದೂ ನೆಗೆಟಿವ್. ಇಸಿಜಿ ಕಾಗದದ ಮೇಲೆ ಮಾತ್ರ ಒಂದು ಸಾಲು ಇತ್ತು: ನಾಡಿ 108, ಸೈನಸ್ ಟ್ಯಾಕಿಕಾರ್ಡಿಯಾ. ಅಂದರೆ ಬಡಿತದ ಲಯ ಸರಿ ಇದೆ, ವೇಗ ಜಾಸ್ತಿ. ಆಸ್ಪತ್ರೆಗೆ ಬಂದ ಗಾಬರಿಗೆ ಅಷ್ಟಾಗುತ್ತದೆ ಅಂದರು. ಯಾರಿಗಾದರೂ ಆಗುತ್ತದೆ, ನಿಜ.

ನಾನು ಬೆಂಗಳೂರಿಂದ ಹೋಗುವಷ್ಟರಲ್ಲಿ ಅಮ್ಮ ಮನೆಗೆ ಬಂದು ಮುದ್ದೆ ಊಟ ಮಾಡಿ ಕೂತಿದ್ದಳು. "ಇನ್ನೂರು ಮೈಲಿ ಓಡ್ಬಂದ್ಯಾ ಸುಮ್ನೆ?" ಅಂತ ನನಗೇ ಬೈದಳು. ಅಷ್ಟು ದೂರವೇನಿಲ್ಲ, ಅಮ್ಮನ ಮೈಲಿಗಳೇ ಹಾಗೆ. ಆ ರಾತ್ರಿ ಅವಳ ಪಕ್ಕ ಮಲಗಿದ್ದೆ. ನಿದ್ದೆಯಲ್ಲಿದ್ದಾಗ ಮಣಿಕಟ್ಟು ಹಿಡಿದು ಮೊಬೈಲ್ ನೋಡಿಕೊಂಡು ಒಂದು ನಿಮಿಷ ಎಣಿಸಿದೆ. ತೊಂಬತ್ತರ ಮೇಲೆ. ಮಲಗಿದವರಿಗೆ ಅಷ್ಟು ಇರುತ್ತದಾ ಅಂತ ಆಗ ನನಗೇನು ಗೊತ್ತು. ಬರೆದಿಟ್ಟುಕೊಂಡೆ ಅಷ್ಟೆ.

ಆಮೇಲೆ ಒಂದು ಖಾಸಗಿ ಆಸ್ಪತ್ರೆಯ ಹೃದ್ರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದೆವು. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿದರು. ಹೃದಯದ ಪಂಪ್ ಚೆನ್ನಾಗಿದೆ, ಅದರ ಅಳತೆ ಇಎಫ್ 60, ವಾಲ್ವ್ ಸರಿ ಇವೆ, 'ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್' ಅಂತ ಒಂದು ಸಾಲು. ಆ ಸಾಲು ಓದಿ ತಮ್ಮನ ಮುಖ ಬಾಡಿತು. ಹೃದಯ ಸಡಿಲವಾಗುವುದು ಸ್ವಲ್ಪ ನಿಧಾನ ಅಂತಷ್ಟೇ ಅದರ ಅರ್ಥ, ಈ ವಯಸ್ಸಿಗೆ, ಬಿಪಿ ಇರುವವರಿಗೆ ಮಾಮೂಲು. ಟಿಎಂಟಿ, ಅಂದರೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ ಮಾಡೋಣ ಅಂದರೆ ಅಮ್ಮನ ಮಂಡಿ ಟ್ರೆಡ್‌ಮಿಲ್ ಹತ್ತಲ್ಲ. ಹಾಗಾದರೆ ಅಡ್ಮಿಟ್ ಮಾಡಿ, ಸೀದಾ ಆಂಜಿಯೋಗ್ರಾಮ್ ಮಾಡಿಬಿಡೋಣ ಅಂದರು.

ಇಲ್ಲಿ ಆ ಡಾಕ್ಟರನ್ನು ಕೆಟ್ಟವರನ್ನಾಗಿ ಮಾಡುವುದು ಸುಲಭ. ನಮ್ಮ ಸಂಬಂಧಿಕರು ಮಾಡಿದರು ಕೂಡ. ನನಗೆ ಹಾಗನ್ನಿಸಲಿಲ್ಲ. ವಯಸ್ಸು, ಬಿಪಿ, ಎದೆ ಬಿಗಿತ ಮೂರೂ ಇದ್ದಾಗ ರಕ್ತನಾಳ ಕಟ್ಟಿದೆಯಾ ಅಂತ ನೋಡುವುದು ತಪ್ಪಲ್ಲ. ಆದರೆ ನಾಡಿ ಯಾಕೆ ಸದಾ ಓಡುತ್ತಿದೆ ಅಂತ ಯಾರೂ ಕೇಳಿರಲಿಲ್ಲ. ಕಟ್ಟಿದ ರಕ್ತನಾಳ ಮಲಗಿದವರ ನಾಡಿಯನ್ನು ತೊಂಬತ್ತಕ್ಕೆ ಏರಿಸಿ ಕೂರಿಸುತ್ತದಾ? ಕೇಳಿದೆ. ಅವರು ನಾನು ನಾಡಿ ಬರೆದಿಟ್ಟಿದ್ದ ಚೀಟಿ ನೋಡಿದರು, ಒಂದು ಗಳಿಗೆ ಸುಮ್ಮನಿದ್ದು, ಸರಿ, ಮೊದಲು ಹೋಲ್ಟರ್ ಹಾಕೋಣ ಅಂದರು. ಆಂಜಿಯೋಗ್ರಾಮ್ ಬದಲು ಸಿಟಿ ಆಂಜಿಯೋಗೂ ಒಪ್ಪಿದರು. ಅದರಲ್ಲಿ ತಂತಿ ತೂರಿಸುವುದಿಲ್ಲ, ಕೈಗೆ ಡೈ ಕೊಟ್ಟು ಸ್ಕ್ಯಾನ್ ಮಾಡುತ್ತಾರೆ.

ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಹೃದಯ. ಆ ಹತ್ತು ಸೆಕೆಂಡಿನಲ್ಲಿ ಡವಡವ ಬರದಿದ್ದರೆ ಕಾಗದದಲ್ಲಿ ಎಲ್ಲ ಸರಿ. ಹೋಲ್ಟರ್ ಅಂದರೆ ಎದೆಗೆ ಅಂಟಿಸಿದ ಬಿಲ್ಲೆಗಳು, ವೈರುಗಳು, ಸೊಂಟಕ್ಕೆ ಒಂದು ಪುಟ್ಟ ಡಬ್ಬಿ. ಒಂದಿಡೀ ಹಗಲು ರಾತ್ರಿ ಬರೆದುಕೊಳ್ಳುತ್ತದೆ. ಅಷ್ಟು ಹೊತ್ತು ಸ್ನಾನ ಇಲ್ಲ. ಅಮ್ಮನಿಗೆ ಅದೇ ದೊಡ್ಡ ಸಂಕಟ. ಶುಕ್ರವಾರ ಬೇರೆ, ಸ್ನಾನ ಮಾಡದೆ ದೀಪ ಹಚ್ಚೋದು ಹೇಗೆ? "ಗೂಟಕ್ಕೆ ಹಸ ಕಟ್ದಂಗೆ ಕಟ್ಟವ್ರೆ" ಅಂತ ಗೊಣಗಿದಳು. ದೀಪ ತಮ್ಮನ ಹೆಂಡತಿ ಹಚ್ಚಿದಳು.

ಇದರ ಜೊತೆ ಒಂದು ಹಾಳೆ ಕೊಡುತ್ತಾರೆ. ಎಷ್ಟು ಗಂಟೆಗೆ ಏನು ಮಾಡಿದಿರಿ, ಎಷ್ಟು ಗಂಟೆಗೆ ಏನನ್ನಿಸಿತು ಅಂತ ಬರೆಯಬೇಕು. ಯಂತ್ರದಷ್ಟೇ ಮುಖ್ಯ ಆ ಹಾಳೆ. ಅದಿಲ್ಲದಿದ್ದರೆ ಬಡಿತ ಏರಿದ್ದು ಹಿತ್ತಲ ಮೆಟ್ಟಿಲು ಹತ್ತಿದ್ದಕ್ಕಾ, ಸುಮ್ಮನೆ ಕೂತಿದ್ದಾಗಲಾ ಅಂತ ತಿಳಿಯಲ್ಲ. ಬರೆಯುವ ಕೆಲಸ ಆರನೇ ಕ್ಲಾಸಿನ ಮೊಮ್ಮಗಳಿಗೆ ಬಿತ್ತು. ಅವಳು ಒಂದನ್ನೂ ಬಿಟ್ಟಿಲ್ಲ. 'ಅಜ್ಜಿ ಕೋಳಿ ಓಡಿಸಿದರು 4.10', 'ಅಜ್ಜಿ ಅಪ್ಪನಿಗೆ ಬೈದರು 7.35', 'ಅಜ್ಜಿ ಎದೆ ಹೊಡ್ಕೊತಿದೆ ಅಂದರು 9.20, ಸುಮ್ಮನೆ ಕೂತಿದ್ದರು.'

ವರದಿಯಲ್ಲಿ ಮೂರು ವಿಷಯ ಇದ್ದವು. ಸರಾಸರಿ ನಾಡಿ 98. ನಿದ್ದೆಯಲ್ಲಿ ಅತಿ ಕಡಿಮೆ ಇದ್ದಿದ್ದೇ 84. ಮೂರನೆಯದು, ಹೃದಯದ ಮೇಲಿನ ಕೋಣೆಗಳಿಂದ ಹೊತ್ತಿಗೆ ಮುಂಚೆ ಹೊರಡುವ ಬಡಿತಗಳು ತುಂಬಾ ಇದ್ದವು, ಒಂದೆರಡು ಕಡೆ ಅವು ಸಾಲುಗಟ್ಟಿ ಕೆಲವು ಸೆಕೆಂಡು ಲಯ ತಪ್ಪಿ ಓಡಿದ್ದವು. ಅದರಲ್ಲೊಂದು ಸರಿಯಾಗಿ 9.20ಕ್ಕೆ. ಮೊಮ್ಮಗಳಿಗೆ ಅವತ್ತು ಬಾದಾಮ್ ಹಾಲು.

ಲಯ ತಪ್ಪಿ ಓಡಿದ್ದು ಕೇಳಿ ನನಗೆ ಹೆದರಿಕೆಯಾಯಿತು. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತೊಂದರೆಯಲ್ಲಿ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಅದುರುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಸ್ಟ್ರೋಕ್. ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಬೇಕಾಗುತ್ತದೆ. ಡಾಕ್ಟರ್ ಸಮಾಧಾನವಾಗಿ ಹೇಳಿದರು: ಅದಕ್ಕೆ ಆ ಹೆಸರು ಕೊಡಬೇಕಾದರೆ ಕನಿಷ್ಠ 30 ಸೆಕೆಂಡು ಓಡಿರಬೇಕು, ಇಲ್ಲಿ ಅಷ್ಟಿಲ್ಲ. ಆದರೆ ಮರೆತುಬಿಡುವಂಥದ್ದೂ ಅಲ್ಲ, ಮತ್ತೆ ನೋಡಬೇಕು.

ಸಿಟಿ ಆಂಜಿಯೋ ದಿನ ಕಥೆ ಬೇರೆ ದಾರಿ ಹಿಡಿಯಿತು. ಹೃದಯ ಅಲುಗಾಡುತ್ತಲೇ ಇರುವ ವಸ್ತು, ಚಿತ್ರ ಸ್ಪಷ್ಟ ಬರಬೇಕಾದರೆ ನಾಡಿ ಅರವತ್ತರ ಆಸುಪಾಸಿಗೆ ಇಳಿಯಬೇಕು. ಅದಕ್ಕೆ ಮೊದಲೇ ಮೆಟೊಪ್ರೊಲಾಲ್ ಮಾತ್ರೆ ಕೊಡುತ್ತಾರೆ. ಅಮ್ಮನಿಗೂ ಕೊಟ್ಟರು. ಕಾದರು. 92. ಇನ್ನೊಂದು ಕೊಟ್ಟು ಕಾದರು. 88. ಅಷ್ಟು ಹೊತ್ತಿಗೆ ಅಲ್ಲಿನ ನರ್ಸ್ ಒಪ್ಪಿಗೆ ಪತ್ರ ತುಂಬಿಸಲು ಬಂದರು. ಅಸ್ತಮಾ ಇದೆಯಾ, ಅಲರ್ಜಿ ಇದೆಯಾ, ಕ್ರಿಯಾಟಿನಿನ್ ಎಷ್ಟು, ಥೈರಾಯ್ಡ್ ಇದೆಯಾ. ಡೈಯಲ್ಲಿ ಅಯೋಡಿನ್ ಇರುತ್ತದೆ, ಅದು ಥೈರಾಯ್ಡನ್ನು ಏರುಪೇರು ಮಾಡಬಹುದು, ಅದಕ್ಕೆ ಈ ಕೊನೆ ಪ್ರಶ್ನೆ.

"ಅದೆ ಕಣವ್ವ, ಮಾತ್ರೆ ತಗತೀನಿ" ಅಂದಳು ಅಮ್ಮ.

ಕಡೆಯ ಟಿಎಸ್‌ಎಚ್ ರಿಪೋರ್ಟ್, ಅಂದರೆ ಥೈರಾಯ್ಡಿನ ರಕ್ತಪರೀಕ್ಷೆ, ಯಾವಾಗಿನದು ಅಂದರು. ಫೈಲ್ ತಿರುವಿದೆ. ಹಿಂದಿನ ವರ್ಷದ್ದು, ನಮ್ಮ ಮನೆಗೆ ಬಂದಿದ್ದಾಗ ಮಾಡಿಸಿದ್ದು. ನರ್ಸ್ ಒಳಗೆ ಹೋಗಿ ರೇಡಿಯಾಲಜಿ ಡಾಕ್ಟರನ್ನು ಕರೆತಂದರು. ಅವರು ಅಮ್ಮನ ನಾಡಿ ಹಿಡಿದರು, ಕೈ ಮುಂದೆ ಚಾಚಿ ಅಂದರು, ಬೆರಳುಗಳ ಮೇಲೆ ಆ ಒಪ್ಪಿಗೆ ಪತ್ರದ ಹಾಳೆಯನ್ನೇ ಇಟ್ಟರು. ಹಾಳೆ ಸಣ್ಣಗೆ ನಡುಗುತ್ತಿತ್ತು. ಇವತ್ತು ಸ್ಕ್ಯಾನ್ ಬೇಡ, ಮೊದಲು ಥೈರಾಯ್ಡ್ ನೋಡಿಸಿ ಅಂದರು. ಕಟ್ಟಿದ್ದ ದುಡ್ಡು ವಾಪಸ್ ಬರುವ ಹೊತ್ತಿಗೆ ಸಾಕುಬೇಕಾಯಿತು, ಅದು ಬೇರೆ ಮಾತು.

ಟಿಎಸ್‌ಎಚ್ 0.02 ಬಂತು. ಸಾಮಾನ್ಯವಾಗಿ 0.4ರಿಂದ 4ರವರೆಗೆ ಇರಬೇಕು. ಇದು ಉಲ್ಟಾ ಲೆಕ್ಕ. ಟಿಎಸ್‌ಎಚ್ ಅನ್ನುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆಜ್ಞೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಆಜ್ಞೆ ನಿಲ್ಲುತ್ತದೆ, ಟಿಎಸ್‌ಎಚ್ ನೆಲ ಹಿಡಿಯುತ್ತದೆ. ಆ ಹಾರ್ಮೋನಿನ ಅಳತೆ, ಫ್ರೀ ಟಿ4, ಕೂಡ ಮೇಲಿತ್ತು. ಥೈರಾಯ್ಡ್ ಕಡಿಮೆ ಅಂತ ಮಾತ್ರೆ ನುಂಗುತ್ತಿದ್ದವಳಿಗೆ ಜಾಸ್ತಿಯಾಗಿದ್ದು ಹೇಗೆ?

ಮೈಸೂರಿನ ಒಬ್ಬ ಫಿಸಿಶಿಯನ್ ಹತ್ತಿರ ಹೋದೆವು. ಫೋನಿನಲ್ಲೇ ಅವರು ಹೇಳಿದ್ದರು: ಮನೆಯಲ್ಲಿರುವ ಮಾತ್ರೆ, ಟಾನಿಕ್, ಪುಡಿ, ಲೇಹ್ಯ ಎಲ್ಲ ಒಂದು ಚೀಲದಲ್ಲಿ ತನ್ನಿ, ಚೀಟಿ ಅಲ್ಲ, ಮಾತ್ರೆಗಳನ್ನೇ. ಮೇಜಿನ ಮೇಲೆ ಸುರಿದೆವು. ಬಿಪಿ ಮಾತ್ರೆ, ನೋವಿನ ಮಾತ್ರೆ, ಅರ್ಧ ಮುಗಿದ ಕೆಮ್ಮಿನ ಸಿರಪ್, ನಾನೇ ಕಳಿಸಿದ್ದ ಕೂದಲಿನ ವಿಟಮಿನ್. ಡಾಕ್ಟರ್ ಮೊದಲು ಎತ್ತಿಕೊಂಡಿದ್ದು ಆ ವಿಟಮಿನ್ ಡಬ್ಬಿಯನ್ನು. ಅದರಲ್ಲಿ ಬಯೋಟಿನ್ ಇದೆ. ಬಯೋಟಿನ್ ಜಾಸ್ತಿ ತಗೊಂಡರೆ ಕೆಲವು ಲ್ಯಾಬ್‌ಗಳ ಪರೀಕ್ಷೆ ವಿಧಾನದಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ಕಾಣಿಸುತ್ತದಂತೆ, ಟ್ರೋಪೋನಿನ್ ಕೂಡ. ನನಗೆ ಇದು ಹೊಸದು. ಅಮ್ಮ ಆ ಡಬ್ಬಿಯ ಸೀಲೇ ಒಡೆದಿರಲಿಲ್ಲ. ಒಂದು ಅನುಮಾನ ಕಳೆಯಿತು.

ಆಮೇಲೆ ಅವರು ಎರಡು ಪುಟ್ಟ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟರು. ಹೆಸರು ಬೇರೆ, ಲೇಬಲ್ ಬಣ್ಣ ಬೇರೆ, ಕಂಪನಿ ಬೇರೆ. ಲೇಬಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡರಲ್ಲೂ ಒಂದೇ ಔಷಧ: ಲೆವೋಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನೇ. ಒಂದು 75 ಮೈಕ್ರೋಗ್ರಾಂ, ಇನ್ನೊಂದು 100.

"ಅಮ್ಮ, ಇದರಲ್ಲಿ ಯಾವುದು ತಗೋತೀರ?"

"ಎರಡೂವೆ ಸಾ. ಅದು ನಮ್ಮೂರ್ ಡಾಕ್ಟ್ರು ಕೊಟ್ಟಿದ್ದು, ಇದು ಬೆಂಗ್ಳೂರ್ ಡಾಕ್ಟ್ರು ಕೊಟ್ಟಿದ್ದು. ಇಬ್ರೂ ಕೊಟ್ಟಿದ್ನ ತಗೋಬೇಕಲ್ವಾ?"

ಡಾಕ್ಟರ್ ನಗಲಿಲ್ಲ. "ತಗೋಬೇಕು ಅಂತಲೇ ಅಲ್ವಾ ಕೊಡೋದು" ಅಂದರು. ಆಮೇಲೆ ಒಂದೊಂದಾಗಿ ಕೇಳಿ ಪೂರ್ತಿ ಸರಪಳಿ ಬಿಡಿಸಿದರು. ಅಮ್ಮ ಮೊದಲು 75ರ ಮಾತ್ರೆಯನ್ನು ಬೆಳಗಿನ ಕಾಫಿ ಜೊತೆಗೇ ನುಂಗುತ್ತಿದ್ದಳು. ಕಾಫಿ ಜೊತೆ ತಗೊಂಡರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಹಿಂದಿನ ವರ್ಷ ಟಿಎಸ್‌ಎಚ್ 9 ಬಂದಿತ್ತು. ಬೆಂಗಳೂರಿನ ಡಾಕ್ಟರು ಅದನ್ನು ನೋಡಿ 100ಕ್ಕೆ ಏರಿಸಿ, ಬೇರೆ ಕಂಪನಿಯದು ಬರೆದುಕೊಟ್ಟರು. ಊರಿಗೆ ಬಂದಮೇಲೆ ಹಳೆಯ ಬಾಟಲಿಯೂ ಮೆಡಿಕಲ್‌ನವರ ಹಳೆ ಚೀಟಿ ಪ್ರಕಾರ ಬರುತ್ತಲೇ ಇತ್ತು. ಇದರ ಮಧ್ಯೆ ಯಾರೋ ತಮ್ಮನ ಹೆಂಡತಿಗೆ, ಥೈರಾಯ್ಡ್ ಮಾತ್ರೆ ಕಾಫಿ ಜೊತೆ ತಗೋಬಾರದು, ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಬೇಕು ಅಂತ ಸರಿಯಾಗಿಯೇ ಹೇಳಿದ್ದರು. ಅವಳು ಸರಿಯಾಗಿಯೇ ಮಾಡಿಸಿದಳು. ಅಲ್ಲಿಂದ 175 ಮೈಕ್ರೋಗ್ರಾಂ ಪೂರ್ತಿ ಮೈಗೆ ಹತ್ತಲು ಶುರುವಾಯಿತು.

ಡಾಕ್ಟರ್ ಚೀಟಿ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಥೈರಾಯ್ಡ್ ಪೂರ್ತಿ ಕೆಲಸ ನಿಲ್ಲಿಸಿದವರಿಗೂ ತೂಕದ ಒಂದು ಕೆಜಿಗೆ ಸುಮಾರು 1.6 ಮೈಕ್ರೋಗ್ರಾಂ ಸಾಕು. ಅಮ್ಮನ ತೂಕ 52. ಹೆಚ್ಚೆಂದರೆ 83. ವಯಸ್ಸಾದವರಿಗೆ ಅದಕ್ಕಿಂತ ಕಡಿಮೆಯೇ ಸಾಕಾಗಬಹುದು. ಹೋಗುತ್ತಿದ್ದದ್ದು ಅದರ ಎರಡರಷ್ಟು.

ಆಮೇಲೆ ಎಲ್ಲ ಹೊಂದಿಕೊಂಡಿತು. 58 ಇದ್ದ ತೂಕ 52 ಆಗಿದ್ದಕ್ಕೆ ಮಂಡಿಗೆ ಒಳ್ಳೇದಾಯ್ತು ಅಂತ ಮನೆಯವರೆಲ್ಲ ಖುಷಿಪಟ್ಟಿದ್ದರು. ರಾತ್ರಿ ನಿದ್ದೆ ಇಲ್ಲ ಅಂದರೆ ವಯಸ್ಸು. ಮಳೆಗಾಲದಲ್ಲೂ ಫ್ಯಾನ್ ಬೇಕು ಅಂದರೆ ಮೋಡದ ಸೆಕೆ. ದಿನಕ್ಕೆ ಮೂರು ಸಲ ಹಿತ್ತಲಿಗೆ ಹೋದರೆ ಹಲಸಿನ ಹಣ್ಣು ತಿಂದಿದ್ದು. ಒಂದೊಂದಕ್ಕೂ ಒಂದೊಂದು ಒಳ್ಳೆಯ ಕಾರಣ ಸಿಕ್ಕಿತ್ತು. ಎಲ್ಲವೂ ಒಂದೇ ಕಾರಣಕ್ಕೆ ಆಗಿದ್ದು.

ಎದೆ ಬಿಗಿತಕ್ಕೂ ವಿವರಣೆ ಸಿಕ್ಕಿತು. ಹೃದಯ ತನಗೆ ಬೇಕಾದ ರಕ್ತವನ್ನು ಹೆಚ್ಚಾಗಿ ಪಡೆಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಓಡುವ ಹೃದಯಕ್ಕೆ ರಕ್ತ ಜಾಸ್ತಿ ಬೇಕು, ಬಿಡುವು ಮಾತ್ರ ಕಡಿಮೆ. ಹೋಲ್ಟರ್ ವರದಿಯಲ್ಲಿ ಡಾಕ್ಟರ್ ಗೆರೆ ಎಳೆದದ್ದು ಆ 84ರ ಕೆಳಗೆ. ಹೆದರಿಕೆಗೆ ಓಡುವ ಎದೆ ನಿದ್ದೆ ಬಂದಾಗ ನಿಧಾನವಾಗುತ್ತದೆ, ಥೈರಾಯ್ಡ್ ಜಾಸ್ತಿಯಾದ ಎದೆ ನಿದ್ದೆಯಲ್ಲೂ ಬಿಡುವುದಿಲ್ಲ ಅಂದರು. ಟಿವಿ ಭಯದ ಪಂಗಡದವರಿಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಒಂದು ವಾರ ಎರಡೂ ಬಾಟಲಿ ಬಂದ್, ಆಮೇಲೆ 75ರದ್ದು ಒಂದೇ ಅಂತ ಹೇಳಿದರು. ಇದು ಅಮ್ಮನ ಲೆಕ್ಕ, ಓದಿದವರು ತಮ್ಮ ಮಾತ್ರೆ ತಾವೇ ನಿಲ್ಲಿಸಬೇಡಿ ದಯವಿಟ್ಟು. ಮಧ್ಯೆ ಕೆಲವು ವಾರ ನಾಡಿ ಹಿಡಿತಕ್ಕೆ ತರಲು ಮೆಟೊಪ್ರೊಲಾಲ್ ಸಣ್ಣ ಡೋಸ್. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು, ಅದರ ಅರ್ಧಕ್ಕೆ ಇನ್ನೊಂದು ವಾರ. ಹಾಗಾಗಿ ಡವಡವ ಒಂದೇ ದಿನಕ್ಕೆ ನಿಲ್ಲಲಿಲ್ಲ. ಅಮ್ಮನಿಗೆ ಅದು ತಾಳ್ಮೆಗೆಡಿಸಿತು. "ಕಾರ್ಣ ಸಿಕ್ತು ಅಂತೀರಿ, ಎದೆ ಹೊಡ್ಕಳದು ನಿಂತಿಲ್ವಲ್ಲ" ಅಂತ ದಿನಾ ಫೋನ್. ಎರಡನೇ ತಿಂಗಳಿಗೆ ನಿದ್ದೆ ವಾಪಸ್ ಬಂತು. ಟಿಎಸ್‌ಎಚ್ 0.3 ತೋರಿಸಿತು, ಅದು ನಿಧಾನಕ್ಕೆ ಏಳುತ್ತದೆ, ಅವಸರ ಬೇಡ ಅಂದರು. ಅದರ ಮುಂದಿನ ಸಲ 2.1.

ಹೋಲ್ಟರ್ ಮತ್ತೆ ಹಾಕಿಸಿದೆವು, ಈ ಸಲ ಶುಕ್ರವಾರ ತಪ್ಪಿಸಿ. ನಿದ್ದೆಯಲ್ಲಿ 61. ಹೊತ್ತಿಗೆ ಮುಂಚಿನ ಬಡಿತಗಳು ಅಲ್ಲೊಂದು ಇಲ್ಲೊಂದು, ಸಾಲುಗಟ್ಟಿ ಓಡಿದ್ದು ಒಂದೂ ಇಲ್ಲ. ಸಿಟಿ ಆಂಜಿಯೋ ಕೂಡ ಮುಗಿಸಿದೆವು, ಕಾರಣ ಸಿಕ್ಕಿತು ಅಂತ ರಕ್ತನಾಳ ನೋಡುವುದನ್ನು ಬಿಡಬಾರದು ಅಂತ ಫಿಸಿಶಿಯನ್ನೇ ಒತ್ತಾಯ ಮಾಡಿದರು. ಒಂದು ಕಡೆ ಸ್ವಲ್ಪ ಕೊಬ್ಬು ಕೂತಿದೆ, ರಕ್ತಕ್ಕೆ ಅಡ್ಡಿ ಎಲ್ಲೂ ಇಲ್ಲ. ಅದಕ್ಕೊಂದು ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಸೇರಿತು.

ಥೈರಾಯ್ಡ್ ಹಾರ್ಮೋನ್ ಬಹಳ ಕಾಲ ಜಾಸ್ತಿ ಇದ್ದರೆ ಮೂಳೆಯೂ ಸವೆಯುತ್ತದಂತೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಅಮ್ಮನ ಸೊಂಟದ ಮೂಳೆ ತೆಳುವಾಗಿದೆ ಅಂತ ಬಂತು. ಅದಕ್ಕೆ ಕ್ಯಾಲ್ಸಿಯಂ ಬರೆದರು. ಆದರೆ ಕ್ಯಾಲ್ಸಿಯಂ ಕೂಡ ಕಾಫಿ ಥರವೇ ಥೈರಾಯ್ಡ್ ಮಾತ್ರೆಯನ್ನು ಹತ್ತಗೊಡುವುದಿಲ್ಲ, ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಈಗ ಅಡುಗೆಮನೆ ಗೋಡೆ ಮೇಲೆ ಮೊಮ್ಮಗಳು ಬರೆದ ಪಟ್ಟಿ ಇದೆ. ಐದೂವರೆಗೆ ಥೈರಾಯ್ಡ್, ಆರೂವರೆಗೆ ಕಾಫಿ, ಮಧ್ಯಾಹ್ನ ಊಟ ಆದಮೇಲೆ ಕ್ಯಾಲ್ಸಿಯಂ, ರಾತ್ರಿಗೆ ಸ್ಟ್ಯಾಟಿನ್. ಊರಿನ ಮೆಡಿಕಲ್‌ನವರಿಗೂ ಅದರ ಒಂದು ಪ್ರತಿ ಕೊಟ್ಟಿದ್ದೇವೆ. ಐದೂವರೆಗೆ ಎದ್ದು ಕಾಫಿಗೆ ಒಂದು ಗಂಟೆ ಕಾಯುವುದು ಅಮ್ಮನಿಗೆ ಇನ್ನೂ ಒಪ್ಪಿಗೆಯಿಲ್ಲ. ಮಾತ್ರೆಯನ್ನು ನಾಲ್ಕೂವರೆಗೇ ನುಂಗಿದರೆ ಕಾಫಿ ಐದೂವರೆಗೇ ಆಗುತ್ತಲ್ಲ ಅಂತ ಡಾಕ್ಟರನ್ನು ಕೇಳು ಅಂದಿದ್ದಾಳೆ. ಮುಂದಿನ ಟಿಎಸ್‌ಎಚ್ ಯುಗಾದಿ ಆದಮೇಲೆ ಇದೆ, ಆಗ ಕೇಳಬೇಕು.